ಗಾಲ್ಫ್ ಕೋರ್ಸನ್ನು ನಕ್ಷೆಗೆ ಇಳಿಸಿದ್ದು: ನನ್ನ ಅನುಭವ

ಗಾಲ್ಫ್ ಆಡುವವರಿಗೆ ಹತ್ತು ಗಜ ಅಂದರೆ ಹೆಚ್ಚುಕಡಿಮೆ ಒಂದು ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ವ್ಯತ್ಯಾಸ. ಬ್ಯಾಗಿನಿಂದ ಏಳನೇ ನಂಬರ್ ಐರನ್ ತೆಗೆಯಬೇಕೋ ಎಂಟನೇದೋ ಅನ್ನುವುದು ಆ ಹತ್ತು ಗಜದ ಮೇಲೆ ನಿಂತಿರುತ್ತದೆ. ಹತ್ತು ಗಜ ಅಂದರೆ ಒಂಬತ್ತು ಮೀಟರು. ನಕ್ಷೆಯಲ್ಲಿ ಗ್ರೀನ್ (ಚೆಂಡು ಬೀಳಬೇಕಾದ ಕುಳಿ ಇರುವ ಜಾಗ) ಒಂಬತ್ತು ಮೀಟರ್ ಹಿಂದಕ್ಕೆ ಕೂತಿದ್ದರೆ, ಮೊಬೈಲಿನಲ್ಲಿ ದೂರ ನೋಡಿ ಹೊಡೆದವರ ಚೆಂಡು ಗ್ರೀನನ್ನು ದಾಟಿ ಪೊದೆ ಸೇರುತ್ತದೆ. ರಸ್ತೆ, ಅಂಗಡಿ, ಬಸ್ ಸ್ಟಾಪ್ ಗುರುತಿಸುವಾಗ ಒಂಬತ್ತು ಮೀಟರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಲ್ಫ್ ಕೋರ್ಸಿನಲ್ಲಿ ಹಿಡಿಯಲೇಬೇಕು. ಈ ಕೆಲಸ ನನಗೆ ಇಷ್ಟವಾಗಿದ್ದೇ ಅದಕ್ಕೆ.

ನಾನು ಗೆರೆ ಹಾಕುವುದು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ, ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದಾದ ನಕ್ಷೆ ಅದು. ನಮ್ಮ ರಾಜ್ಯದಲ್ಲಿ ಗಾಲ್ಫ್ ಬಹಳ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಮೈಸೂರಿನಲ್ಲಿ ರೇಸ್ ಕೋರ್ಸಿನ ನೆರೆಯಲ್ಲೊಂದು, ಮಡಿಕೇರಿಯಲ್ಲೊಂದು, ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲೊಂದು ಕೋರ್ಸ್ ಇದೆ. ದೊಡ್ಡ ಊರಿನ ಕೋರ್ಸುಗಳನ್ನು ನೋಡಿಕೊಳ್ಳಲು ಜನ ಇದ್ದಾರೆ. ಕಾಫಿ ಸೀಮೆಯ ಹಳೇ ಕ್ಲಬ್ಬುಗಳತ್ತ ಯಾರೂ ಹೋಗುವುದಿಲ್ಲ. ನಾನು ಕೂತು ಮಾಡಿದ್ದು ಅಂಥದ್ದೇ ಒಂದನ್ನು: ಒಂಬತ್ತು ಹೋಲಿನ (ಹೋಲ್ ಅಂದರೆ ಮೊದಲ ಹೊಡೆತದಿಂದ ಗ್ರೀನಿನವರೆಗಿನ ಒಂದು ಆಟದ ದಾರಿ), ಸುತ್ತಲೂ ಸಿಲ್ವರ್ ಓಕ್ ನೆರಳಿನ ತೋಟ ಇರುವ ಕೋರ್ಸ್.

ನಕ್ಷೆಯಲ್ಲಿ ಬಹಳಷ್ಟು ಕೋರ್ಸುಗಳು ಒಂದು ದೊಡ್ಡ ಹಸಿರು ಹಾಳೆಯಂತೆ ಬಿದ್ದುಕೊಂಡಿರುತ್ತವೆ. ಹೊರಗಡಿ ಎಳೆದು ‘ಲೀಷರ್ = ಗಾಲ್ಫ್_ಕೋರ್ಸ್’ ಅಂತ, ಅದು ಏನೆಂದು ಹೇಳುವ ಟ್ಯಾಗ್ ಹಾಕಿ ಬಿಟ್ಟಿರುತ್ತಾರೆ. ಇನ್ನೂ ಸ್ವಲ್ಪ ಉತ್ಸಾಹ ಇದ್ದವರು ಮರಳು ಕಂಡಲ್ಲೆಲ್ಲ ಬಂಕರ್ (ಆಟಕ್ಕೆ ಅಡ್ಡಿಯಾಗಿಟ್ಟ ಮರಳುಗುಂಡಿ) ಬಿಡಿಸಿರುತ್ತಾರೆ. ಆಡುವವರಿಗೆ ಇದರಿಂದ ಏನೂ ಸಿಗುವುದಿಲ್ಲ. ಎಲ್ಲಿಂದ ಶುರು, ಯಾವ ಕಡೆಗೆ, ಎಲ್ಲಿ ಮುಗಿಯುತ್ತದೆ ಅನ್ನುವುದೇ ಕೋರ್ಸಿನ ಜೀವಾಳ. ಅದಕ್ಕೇ ನಾನು ಮೊದಲು ಎಳೆಯುವುದು ‘ಗಾಲ್ಫ್ = ಹೋಲ್’ ಅನ್ನುವ ಗೆರೆಯನ್ನು. ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಹೊರಟು ಚೆಂಡು ಸಾಗುವ ದಿಕ್ಕಿನಲ್ಲೇ ಎಳೆಯಬೇಕು, ಗ್ರೀನಿನ ನಡುವೆ ಮುಗಿಸಬೇಕು. ದಾರಿ ಎಡಕ್ಕೋ ಬಲಕ್ಕೋ ತಿರುಗಿದರೆ ಮೊದಲ ಹೊಡೆತ ಬೀಳುವ ಜಾಗದಲ್ಲಿ ಒಂದು ನೋಡ್ (ಗೆರೆಯ ಬಿಂದು) ಇಟ್ಟು ಅಲ್ಲಿ ಬಗ್ಗಿಸಬೇಕು. ಅದಕ್ಕೆ ‘ರೆಫ್’ ಅಂತ ಹೋಲಿನ ಸಂಖ್ಯೆ, ‘ಪಾರ್’ (ಆ ಹೋಲಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ), ‘ಹ್ಯಾಂಡಿಕ್ಯಾಪ್’ ಸೇರಿಸಬೇಕು. ಹ್ಯಾಂಡಿಕ್ಯಾಪ್ ಅಂದರೆ ಇಲ್ಲಿ ಆಟಗಾರನದ್ದಲ್ಲ, ಸ್ಕೋರ್ ಕಾರ್ಡಿನಲ್ಲಿ ಸ್ಟ್ರೋಕ್ ಇಂಡೆಕ್ಸ್ ಅಂತ ಇರುವ, ಹೋಲು ಎಷ್ಟು ಕಷ್ಟದ್ದು ಎಂದು ಹೇಳುವ ಅಂಕಿ. ಟೀ, ಫೇರ್‌ವೇ (ಹುಲ್ಲು ಕತ್ತರಿಸಿದ ನಡುದಾರಿ), ಗ್ರೀನ್, ಬಂಕರ್ ಎಲ್ಲ ಆಮೇಲೆ ಈ ಗೆರೆಯ ಸುತ್ತ ಬಂದು ಕೂರುತ್ತವೆ.

ಈ ಗೆರೆಯಿಂದ ಇನ್ನೊಂದು ದೊಡ್ಡ ಉಪಕಾರವಿದೆ. ಹೋಲಿನ ಉದ್ದ ಅಳೆಯುವ ಕ್ರಮವೂ ಇದೇ: ಟೀಯಿಂದ ಆಟದ ದಾರಿಯಲ್ಲಿ ಸಾಗಿ, ತಿರುವಿದ್ದಲ್ಲಿ ತಿರುಗಿ, ಗ್ರೀನಿನ ನಡುವಿನವರೆಗೆ. ಹಾಗಾಗಿ ಎಡಿಟರ್ (ನಕ್ಷೆ ತಿದ್ದುವ ತಂತ್ರಾಂಶ) ತೋರಿಸುವ ಉದ್ದವೂ ಟೀ ಪಕ್ಕದ ಬೋರ್ಡಿನಲ್ಲಿ ಬರೆದಿರುವ ಉದ್ದವೂ ಹತ್ತಿರಹತ್ತಿರ ಬರಬೇಕು. ಬೋರ್ಡಿನಲ್ಲಿ 385 ಗಜ ಇದ್ದರೆ 0.9144ರಿಂದ ಗುಣಿಸಿ, 352 ಮೀಟರ್ ಆಗುತ್ತದೆ. ನನ್ನ ಗೆರೆ 348 ತೋರಿಸಿದರೆ ಸಮಾಧಾನ. 320 ತೋರಿಸಿದರೆ ಗೆರೆ ಹೊರಟಿರುವುದು ಬೇರೆ ಟೀಯಿಂದ ಎಂದರ್ಥ. ಬೋರ್ಡಿನ ಅಂಕಿ ಹಿಂದಿನ ಟೀಯದ್ದು, ಗೆರೆ ಶುರುವಾಗಿದ್ದು ಮುಂದಿನದರಿಂದ. ಇಂಥ ಪರೀಕ್ಷೆ ರಸ್ತೆಗಿಲ್ಲ, ಕೆರೆಗಿಲ್ಲ. ಗಾಲ್ಫ್ ಕೋರ್ಸ್ ತನ್ನ ಅಳತೆಯನ್ನು ತಾನೇ ಬರೆದು ನಿಲ್ಲಿಸಿಕೊಂಡಿರುತ್ತದೆ, ಅದನ್ನು ಬಳಸದೆ ಬಿಡುವುದು ಅನ್ಯಾಯ.

ಆ ಅಂಕಿಗಳನ್ನು ನೆಲದ ಮೇಲಿನ ಬೋರ್ಡಿನಿಂದ, ನನ್ನದೇ ಫೋಟೋದಿಂದ ತೆಗೆದುಕೊಳ್ಳುತ್ತೇನೆ. ಕ್ಲಬ್ಬಿನವರು ಬಣ್ಣಬಣ್ಣವಾಗಿ ಬಿಡಿಸಿದ ಕೋರ್ಸ್ ಚಿತ್ರವನ್ನು ಮೇಲೆ ಹಾಸಿಕೊಂಡು ಗೆರೆ ಎಳೆಯುವುದಿಲ್ಲ, ಆ ಚಿತ್ರದ ಹಕ್ಕು ಬರೆದವರದ್ದು. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವುದಕ್ಕೂ ಅವಕಾಶವಿಲ್ಲ. ಮೈಕ್ರೋಸಾಫ್ಟಿನ ಬಿಂಗ್ ಮತ್ತು ಎಸ್ರಿ ಕಂಪನಿಯ ಉಪಗ್ರಹ ಚಿತ್ರಗಳನ್ನು ಬಳಸಲು ಅವರೇ ಅನುಮತಿ ಕೊಟ್ಟಿದ್ದಾರೆ, ಎಡಿಟರಿನಲ್ಲೇ ಬರುತ್ತವೆ, ಅಷ್ಟು ಸಾಕು.

ಚಿತ್ರ ಯಾವ ತಿಂಗಳದ್ದು ಅನ್ನುವುದನ್ನು ಮೊದಲು ನೋಡಿ. ಮಳೆ ಮುಗಿದ ಹೊತ್ತಿನ ಚಿತ್ರದಲ್ಲಿ ನಮ್ಮ ಕಡೆ ಎಲ್ಲವೂ ಒಂದೇ ಹಸಿರು. ಫೇರ್‌ವೇ ಎಲ್ಲಿ ಮುಗಿಯಿತು, ರಫ್ (ಬದಿಯ ಉದ್ದ ಹುಲ್ಲು) ಎಲ್ಲಿ ಶುರುವಾಯಿತು ಎಂದು ಹೇಳುವುದಕ್ಕೇ ಆಗುವುದಿಲ್ಲ. ಫೆಬ್ರವರಿ, ಮಾರ್ಚಿನ ಚಿತ್ರ ಸಿಕ್ಕರೆ ಅದು ಚಿನ್ನ. ನೀರು ಬಿಟ್ಟ ಜಾಗ ಹಸಿರಾಗಿ, ಬಿಡದ ಜಾಗ ಒಣಗಿ ಕಂದು ಬಣ್ಣಕ್ಕೆ ತಿರುಗಿ, ಅಂಚು ತಾನಾಗಿ ಎದ್ದು ಕಾಣುತ್ತದೆ. ಸಣ್ಣ ಕ್ಲಬ್ಬುಗಳಲ್ಲಿ ನೀರು ಬಿಡುವುದು ಟೀ ಮತ್ತು ಗ್ರೀನಿಗೆ ಮಾತ್ರ. ಅಲ್ಲಿ ಫೇರ್‌ವೇ ಅಂಚಿಗೆ ಕಾಲ್ನಡಿಗೆಯೇ ಗತಿ: ಹುಲ್ಲು ಕತ್ತರಿಸಿದ ಮಿಷಿನ್ ಎಲ್ಲಿ ತಿರುಗಿದೆಯೋ ಅದೇ ಅಂಚು.

ಚಿತ್ರ ಸರಿದಿರುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಿಖರತೆಯ ಪ್ರಶ್ನೆ ನಿಂತಿರುವುದೇ ಇಲ್ಲಿ. ಉಪಗ್ರಹ ಚಿತ್ರ ನೆಲದ ಮೇಲೆ ಸರಿಯಾಗಿ ಕೂತಿರುವುದಿಲ್ಲ. ಕೆಲವು ಕಡೆ ಎರಡು ಮೀಟರ್, ಕೆಲವು ಕಡೆ ಹತ್ತು ಮೀಟರ್ ಜರುಗಿರುತ್ತದೆ. ಇಡೀ ಕೋರ್ಸನ್ನು ಒಂದೇ ಚಿತ್ರದಿಂದ ಎಳೆದರೆ ಟೀಗೂ ಗ್ರೀನಿಗೂ ನಡುವಿನ ದೂರ ಕೆಡುವುದಿಲ್ಲ, ಎರಡೂ ಒಟ್ಟಿಗೆ ಜರುಗಿರುತ್ತವೆ. ಬೋರ್ಡಿನ ಗಜಕ್ಕೂ ತಾಳೆಯಾಗುತ್ತದೆ. ಆದರೆ ಆಡುವವರ ಕೈಯಲ್ಲಿರುವ ಜಿಪಿಎಸ್ ಜರುಗಿಲ್ಲವಲ್ಲ! ಅವರು ಫೇರ್‌ವೇ ನಡುವೆ ನಿಂತು ಗ್ರೀನಿಗೆ ಎಷ್ಟು ದೂರ ಎಂದು ನೋಡಿದಾಗ ಆ ಹತ್ತು ಮೀಟರ್ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಉದ್ದ ತಾಳೆಯಾಯಿತು ಎಂದು ಸುಮ್ಮನಾಗಬಾರದು ಅನ್ನುವುದು ಅದಕ್ಕೇ. ಇನ್ನೂ ಕೆಟ್ಟದ್ದು ಅಂದರೆ ಹದಿನೆಂಟು ಹೋಲಿನ ಕೋರ್ಸಿನಲ್ಲಿ ಮೊದಲ ಒಂಬತ್ತು ಹೋಲನ್ನು ಬಿಂಗ್ ನೋಡಿ, ಉಳಿದ ಒಂಬತ್ತನ್ನು ಎಸ್ರಿ ನೋಡಿ ಎಳೆಯುವುದು. ಆಗ ಪಕ್ಕಪಕ್ಕದ ಎರಡು ಫೇರ್‌ವೇಗಳು ಒಂದರ ಮೇಲೊಂದು ಹತ್ತಿರುತ್ತವೆ. ಬೆಂಗಳೂರಿನ ಹಳೇ ಕೋರ್ಸಿನಂತೆ ಇಕ್ಕಟ್ಟಾದ ಜಾಗದಲ್ಲಿ ಇದು ಬಹಳ ಬೇಗ ಬಯಲಾಗುತ್ತದೆ.

ನಾನು ಮಾಡುವುದು ಹೀಗೆ. ಕೋರ್ಸಿನಲ್ಲಿ ಅಲುಗಾಡದ, ಮೇಲಿನಿಂದ ಸ್ಪಷ್ಟವಾಗಿ ಕಾಣುವ ಗುರುತುಗಳನ್ನು ಹುಡುಕುತ್ತೇನೆ: ಪಂಪ್ ಹೌಸಿನ ಕಾಂಕ್ರೀಟ್ ಕಟ್ಟೆಯ ಮೂಲೆ, ಎರಡು ಕಾರ್ಟ್ (ಆಟಗಾರರ ಸಣ್ಣ ಗಾಡಿ) ದಾರಿ ಸೇರುವ ಜಾಗ, ಬಂಕರಿನ ಚೂಪು ತುದಿ. ಅಲ್ಲಿ ಆಕಾಶ ತೆರೆದಿರಬೇಕು. ಮರದಡಿ ಜಿಪಿಎಸ್ ನಂಬಬೇಡಿ. ಮೊಬೈಲನ್ನು ನೆಲದ ಮೇಲಿಟ್ಟು ಕೆಲವು ನಿಮಿಷ ಓದಲು ಬಿಟ್ಟು, ಸರಾಸರಿ ತೆಗೆದುಕೊಳ್ಳುತ್ತೇನೆ. ಒಳ್ಳೆಯ ಫೋನು ಬಯಲಿನಲ್ಲಿ ಮೂರರಿಂದ ಐದು ಮೀಟರ್ ಒಳಗೆ ತೋರಿಸುತ್ತದೆ, ಸರಾಸರಿಯಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಇಂಥ ಗುರುತುಗಳು ಕೋರ್ಸಿನ ನಾಲ್ಕೂ ಮೂಲೆಯಲ್ಲಿ ಸಿಕ್ಕ ಮೇಲೆ ಜೋಸಮ್ ಎಡಿಟರಿನಲ್ಲಿ ಚಿತ್ರವನ್ನು ಸರಿಸಿ ಕೂರಿಸುತ್ತೇನೆ. ಗುಡ್ಡದ ನೆಲವಾದರೆ ಒಂದೇ ಸರಿಸುವಿಕೆ ಎಲ್ಲ ಕಡೆಗೂ ಹೊಂದುವುದಿಲ್ಲ. ಕಣಿವೆಯ ಹೋಲಿಗೆ ಸರಿಯಾದದ್ದು ದಿಬ್ಬದ ಹೋಲಿಗೆ ತಪ್ಪುತ್ತದೆ. ಆಗ ಕೋರ್ಸನ್ನು ತುಂಡುಮಾಡಿಕೊಂಡು, ಪ್ರತಿ ತುಂಡಿಗೂ ಚಿತ್ರವನ್ನು ಬೇರೆಯಾಗಿ ಕೂರಿಸಿಕೊಂಡು ಎಳೆಯಬೇಕು. ಬೇಸರದ ಕೆಲಸ ನಿಜ. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಅಲಂಕಾರ.

ಇನ್ನು ಗ್ರೀನ್. ಇಲ್ಲಿ ಹುಲ್ಲನ್ನು ಮೂರ್ನಾಲ್ಕು ಮಿಲಿಮೀಟರಿಗೆ ಕತ್ತರಿಸಿರುತ್ತಾರೆ. ಸುತ್ತ ಸ್ವಲ್ಪ ಎತ್ತರದ ಹುಲ್ಲಿನ ಪಟ್ಟಿ ಇರುತ್ತದೆ, ಅದು ಗ್ರೀನಲ್ಲ. ಮೇಲಿನ ಚಿತ್ರದಲ್ಲಿ ಎರಡೂ ಸೇರಿಕೊಂಡು ದೊಡ್ಡ ಗ್ರೀನಿನ ಹಾಗೆ ಕಾಣುತ್ತದೆ. ನಾನು ಆ ಅಂಚಿನ ಮೇಲೇ ಸುತ್ತು ನಡೆದು ಟ್ರ್ಯಾಕ್ ತೆಗೆದುಕೊಂಡು, ಚಿತ್ರದ ಜೊತೆ ಹೋಲಿಸಿ, ಒಳಗಿನ ಅಂಚನ್ನು ಹಿಡಿಯುತ್ತೇನೆ. ಹದಿನೈದು ಇಪ್ಪತ್ತು ನೋಡುಗಳಲ್ಲಿ ಗ್ರೀನಿನ ಬಳುಕು ಚೆನ್ನಾಗಿ ಬರುತ್ತದೆ. ನೂರು ನೋಡ್ ಹಾಕಿದರೆ ಮುಂದೆ ತಿದ್ದುವವರಿಗೆ ಕಷ್ಟ. ಚೆಂಡು ಬೀಳುವ ಕುಳಿ 108 ಮಿಲಿಮೀಟರ್ ಅಗಲದ್ದು, ಅದರ ಜಾಗವನ್ನು ಆಗಾಗ ಬದಲಿಸುತ್ತಿರುತ್ತಾರೆ. ಇವತ್ತಿನ ಬಾವುಟದ ಜಾಗವನ್ನು ನಕ್ಷೆಗೆ ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗೆರೆಯನ್ನು ಗ್ರೀನಿನ ನಡುವೆ ಮುಗಿಸುತ್ತೇನೆ.

ನಮ್ಮ ದೇಶದ ಹಳೇ ಕೋರ್ಸುಗಳಲ್ಲಿ ಇನ್ನೊಂದು ವಿಶೇಷ ಇದೆ, ಬ್ರೌನ್. ನೀರಿಲ್ಲದ ಕಡೆ ಹುಲ್ಲು ಬೆಳೆಸಲಾಗದೆ, ಮರಳಿಗೆ ಎಣ್ಣೆ ಬೆರೆಸಿ ಹದಮಾಡಿ ಸಮತಟ್ಟು ಮಾಡಿದ ಜಾಗ. ಗ್ರೀನ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಉಪಗ್ರಹ ಚಿತ್ರದಲ್ಲಿ ಅದು ದುಂಡನೆಯ ಕಂದು ಬಿಲ್ಲೆ. ದೂರದ ದೇಶದಲ್ಲಿ ಕೂತು ನಕ್ಷೆ ಮಾಡುವವರು ಅದನ್ನು ಬಂಕರ್ ಎಂದೇ ಗುರುತಿಸುತ್ತಾರೆ, ಅವರ ಕಡೆ ಮರಳು ಅಂದರೆ ಬಂಕರೇ. ಅಲ್ಲಿ ‘ಗಾಲ್ಫ್ = ಗ್ರೀನ್’ ಇಟ್ಟು, ಜೊತೆಗೆ ‘ಸರ್ಫೇಸ್ = ಸ್ಯಾಂಡ್’ ಸೇರಿಸಿದರೆ ಸರಿಯಾಗುತ್ತದೆ. ಸ್ಥಳ ಬಲ್ಲವರು ಮಾತ್ರ ಮಾಡಬಲ್ಲ ತಿದ್ದುಪಡಿ ಇದು. ನಮ್ಮ ಕಡೆಯವರು ಈ ಕೆಲಸಕ್ಕೆ ಬರಬೇಕು ಎಂದು ನಾನು ಹೇಳುವುದು ಇಂಥದ್ದಕ್ಕೇ.

ಒಂಬತ್ತೇ ಹೋಲಿರುವ ಕೋರ್ಸನ್ನು ಎರಡು ಸುತ್ತು ಆಡಿ ಹದಿನೆಂಟು ಮಾಡುವುದು ವಾಡಿಕೆ. ಎರಡನೇ ಸುತ್ತಿಗೆ ಬೇರೆ ಟೀಯಿಂದ ಹೊಡೆಯುತ್ತಾರೆ. ಆಗ ಒಂದೇ ಗ್ರೀನಿಗೆ ಎರಡು ಗೆರೆ ಬಂದು ಸೇರಬೇಕು: ಒಂದಕ್ಕೆ ರೆಫ್ 1, ಇನ್ನೊಂದಕ್ಕೆ 10. ಪಾರ್ ಕೂಡ ಬೇರೆಯಾಗಬಹುದು. ಟೀ ಬದಲಾಗದಿದ್ದರೆ ಒಂದೇ ಗೆರೆಗೆ ‘1;10’ ಎಂದು ಬರೆದರೆ ಸಾಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸಿನಲ್ಲಿ ಇದರ ದೊಡ್ಡ ರೂಪವನ್ನೇ ನೋಡಬಹುದು. ಅಲ್ಲಿ ಏಳು ಗ್ರೀನುಗಳನ್ನು ಎರಡೆರಡು ಹೋಲುಗಳು ಹಂಚಿಕೊಂಡಿವೆ, ಹಂಚಿಕೊಂಡ ಹೋಲುಗಳ ಸಂಖ್ಯೆ ಕೂಡಿಸಿದರೆ ಯಾವಾಗಲೂ 18: ಎರಡು–ಹದಿನಾರು, ಮೂರು–ಹದಿನೈದು, ಹೀಗೆ. ಅಲ್ಲೂ ಗ್ರೀನನ್ನು ಒಂದೇ ಏರಿಯಾ ಆಗಿ ಬಿಡಿಸಿ ಎರಡು ಗೆರೆಗಳನ್ನು ಅದರೊಳಗೆ ತಮ್ಮತಮ್ಮ ಜಾಗದಲ್ಲಿ ಮುಗಿಸುತ್ತಾರೆ. ಗ್ರೀನನ್ನು ಅರ್ಧಕ್ಕೆ ಕತ್ತರಿಸುವುದಿಲ್ಲ.

ಕ್ಲಬ್ಬಿನೊಳಗೆ ಓಡಾಡಲು ಕಾರ್ಯದರ್ಶಿಯವರನ್ನು ಕೇಳಿದೆ. ಆಟ ಇಲ್ಲದ ಬೆಳಗ್ಗೆ ಬನ್ನಿ ಎಂದರು. ನನ್ನ ಜೊತೆ ಬಂದವರು ಅಲ್ಲೇ ಕೆಲಸ ಮಾಡುತ್ತ ವಯಸ್ಸಾದ ಒಬ್ಬ ಕ್ಯಾಡಿ, ಅಂದರೆ ಆಟಗಾರರ ಬ್ಯಾಗ್ ಹೊರುವವರು. ಇವರಿಲ್ಲದೆ ಈ ನಕ್ಷೆ ಆಗುತ್ತಿರಲಿಲ್ಲ. ಆರನೇ ಹೋಲಿನ ಪಕ್ಕದಲ್ಲಿ ಚಪ್ಪಟೆಯಾದ ಒಂದು ದಿಬ್ಬ ಇತ್ತು, ಚಿತ್ರದಲ್ಲಿ ಮುಂದಿನ ಟೀ ಹಾಗೆಯೇ ಕಾಣುತ್ತಿತ್ತು.

“ಅಣ್ಣ, ಇದು ಹೆಂಗಸರ ಟೀನಾ?” ಅಂದೆ.

“ಅಲ್ಲ ಸಾರ್, ಇದು ಮಳೆಗಾಲದ್ದು. ಜೂನ್ ಬಂತು ಅಂದ್ರೆ ಕೆಳಗಡೆ ನೀರು ನಿಲ್ಲುತ್ತೆ, ಆವಾಗ ಇಲ್ಲಿಂದ ಹೊಡೀತಾರೆ. ಹೆಂಗಸರದ್ದು ಅಲ್ಲಿ, ಕೆಂಪು ಕಲ್ಲು ಐತಲ್ಲ, ಅದು.”

ಕೆಂಪು ಕಲ್ಲು ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಎರಡೂ ಈಗ ನಕ್ಷೆಯಲ್ಲಿವೆ, ಮಳೆಗಾಲದ ಟೀಗೆ ವಿವರಣೆಯ ಜೊತೆ. ಎಲ್ಲಿ ಬೋರೆ, ಎಲ್ಲಿ ಹಳ್ಳ, ಯಾವ ಮರ ಬಿದ್ದುಹೋಗಿದೆ, ಯಾವ ಬಂಕರಿಗೆ ಮಣ್ಣು ತುಂಬಿ ಹುಲ್ಲು ಹಾಕಿದ್ದಾರೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ನೀವು ಯಾವ ಕೋರ್ಸಿಗೆ ಹೋದರೂ ಕ್ಯಾಡಿಗಳ ಜೊತೆ ಒಂದು ಸುತ್ತು ನಡೆಯಿರಿ, ಅವರ ಬೆಳಗಿನ ಕೂಲಿಯನ್ನು ಪೂರ್ತಿ ಕೊಡಿ.

ನೀರಿನ ವಿಷಯದಲ್ಲಿ ಒಂದು ತೊಡಕಿದೆ. 2019ರಲ್ಲಿ ಗಾಲ್ಫ್ ನಿಯಮಗಳು ಬದಲಾಗಿ ‘ವಾಟರ್ ಹಜಾರ್ಡ್’ ಅನ್ನುವ ಹೆಸರು ಹೋಗಿ ‘ಪೆನಾಲ್ಟಿ ಏರಿಯಾ’ ಬಂತು. ನಕ್ಷೆಯ ಟ್ಯಾಗುಗಳು ಇನ್ನೂ ಹಳೆಯವೇ. ನೆಲದಲ್ಲಿ ಹಳದಿ ಗೂಟ ಇದ್ದರೆ ‘ವಾಟರ್_ಹಜಾರ್ಡ್’, ಕೆಂಪು ಗೂಟ ಇದ್ದರೆ ‘ಲ್ಯಾಟರಲ್_ವಾಟರ್_ಹಜಾರ್ಡ್’ ಎಂದು ನಾನು ಹಾಕುತ್ತೇನೆ. ನಿಜವಾಗಿ ನೀರಿದ್ದರೆ ‘ನ್ಯಾಚುರಲ್ = ವಾಟರ್’ ಸಹ ಬೇಕು. ಗೂಟ ನಿಂತ ಗಡಿ ಬೇರೆ, ನೀರಿನ ಅಂಚು ಬೇರೆ, ಎರಡನ್ನೂ ಒಂದೇ ಗೆರೆಯಲ್ಲಿ ಮುಗಿಸಬೇಡಿ. ಬಂಕರಿಗೆ ‘ಗಾಲ್ಫ್ = ಬಂಕರ್’ ಜೊತೆ ‘ನ್ಯಾಚುರಲ್ = ಸ್ಯಾಂಡ್’. ಬಿಳಿ ಗೂಟ ಆಟದ ಎಲ್ಲೆ, ಅದು ಕ್ಲಬ್ಬಿನ ಕಾಂಪೌಂಡೇ ಆಗಬೇಕೆಂದಿಲ್ಲ.

ಕಾರ್ಟ್ ದಾರಿಗಳಿಗೆ ‘ಆಕ್ಸೆಸ್ = ಪ್ರೈವೇಟ್’ ಹಾಕುವುದನ್ನು ದಯವಿಟ್ಟು ಮರೆಯಬೇಡಿ. ಹಾಕದಿದ್ದರೆ ಈ ನಕ್ಷೆ ಬಳಸುವ ಆ್ಯಪುಗಳು ಅದನ್ನೇ ಅಡ್ಡದಾರಿ ಎಂದುಕೊಂಡು ಪಾರ್ಸೆಲ್ ತರುವ ಹುಡುಗರನ್ನು ಗೇಟಿನವರೆಗೆ ಕರೆದುಕೊಂಡು ಬಂದು ನಿಲ್ಲಿಸುತ್ತವೆ. ಕೋರ್ಸಿನ ಅಂಚಿನಲ್ಲಿ ಊರವರು ಓಡಾಡುವ ಕಾಲುದಾರಿ ಇದ್ದರೆ ಅದನ್ನು ಮಾತ್ರ ತೆರೆದಿಡಿ. ನಾನು ಮಾಡಿದ ಕೋರ್ಸಿನಲ್ಲಿ ತೋಟದ ಲೈನ್ ಮನೆಗಳಿಗೆ ಹೋಗುವ ಅಂಥ ದಾರಿ ಇದೆ, ಅದು ಮುಚ್ಚಿದಂತೆ ಕಾಣಬಾರದು. ಹೆಸರನ್ನು ಕನ್ನಡದಲ್ಲೂ ಕೊಡಿ, ‘ನೇಮ್:ಕೆಎನ್’ ಅದಕ್ಕೇ ಇದೆ.

ಏರಿಸುವಾಗ ಎಲ್ಲವನ್ನೂ ಒಂದೇ ಸಲ ತುಂಬುವುದಿಲ್ಲ. ಎರಡು ಮೂರು ಹೋಲಿಗೊಂದು ಚೇಂಜ್‌ಸೆಟ್ (ಒಟ್ಟಿಗೆ ಏರಿಸುವ ತಿದ್ದುಪಡಿಗಳ ಕಟ್ಟು), ಅದರ ಟಿಪ್ಪಣಿಯಲ್ಲಿ ಯಾವ ಚಿತ್ರ, ಎಷ್ಟು ಸರಿಸಿದ್ದೇನೆ, ನೆಲದ ಮೇಲೆ ನೋಡಿದ್ದು ಯಾವುದು ಎಂದು ಬರೆಯುತ್ತೇನೆ. ಮುಂದೆ ಇನ್ಯಾರೋ ಹೊಸ ಚಿತ್ರ ನೋಡಿ “ಇದು ಜರುಗಿದೆ” ಎಂದು ಇಡೀ ಕೋರ್ಸನ್ನು ಎಳೆದು ಕೂರಿಸುವ ಮೊದಲು ಆ ಟಿಪ್ಪಣಿ ಅವರ ಕಣ್ಣಿಗೆ ಬೀಳಬೇಕು. ನಾಲ್ಕನೇ ಹೋಲಿನ ಬಲಗಡೆಯ ಬಂಕರನ್ನು ಈ ಮಳೆ ಮುಗಿದ ಮೇಲೆ ಚಿಕ್ಕದು ಮಾಡುತ್ತಾರಂತೆ. ಕೆಲಸ ಮುಗಿದಾಗ ಫೋನ್ ಮಾಡುವುದಾಗಿ ಕ್ಯಾಡಿ ಅಣ್ಣ ಹೇಳಿದ್ದಾರೆ. ಹೋಗಿ ಅದರ ಹೊಸ ಅಂಚನ್ನು ಅಳೆದುಕೊಂಡು ಬರುತ್ತೇನೆ.