ಎರಡು ಸಾಲು ಸಾಕು: ಸಣ್ಣ ರೈತರ ಜೊತೆ ವಿಸ್ತರಣಾ ಕೆಲಸದ ನನ್ನ ಅನುಭವ

ನಾನು ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸಂಶೋಧನಾ ತಾಕಿನಲ್ಲಿ, ಅಂದರೆ ಪ್ರಯೋಗದ ಹೊಲದ ತುಂಡಿನಲ್ಲಿ, ಗೊತ್ತಾದದ್ದನ್ನು ರೈತರಿಗೆ ತಲುಪಿಸಬೇಕು. ರೈತರ ಹೊಲದಲ್ಲಿ ಏಳುವ ಪ್ರಶ್ನೆಗಳನ್ನು ವಿಜ್ಞಾನಿಗಳ ಹತ್ತಿರ ವಾಪಸ್ ತರಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಅದರ ಮಾತು ಆಮೇಲೆ.

ನನ್ನ ಪಾಲಿಗೆ ಬಂದಿರುವುದು ಹೆಚ್ಚಾಗಿ ಸಣ್ಣ ರೈತರು. ರಸ್ತೆಯಿಂದ ದೂರ ಇರುವ ಊರುಗಳು, ಕಾಲೆಕರೆ, ಅರ್ಧ ಎಕರೆ ಹೊಲಗಳು, ಹೆಸರಿಗೆ ಜಮೀನೇ ಇಲ್ಲದೆ ಗೇಣಿಗೆ ಮಾಡುವವರು. "ಇವರು ಹೊಸದನ್ನು ಬೇಗ ಒಪ್ಪೋದಿಲ್ಲ" ಅನ್ನುವ ಮಾತು ಈ ಕೆಲಸದಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಇಪ್ಪತ್ತು ಎಕರೆ ಇರುವವರು ಒಂದು ಎಕರೆಯಲ್ಲಿ ಹೊಸ ತಳಿ ಹಾಕಿ ಕಳೆದುಕೊಂಡರೂ ಹತ್ತೊಂಬತ್ತು ಎಕರೆ ಉಳಿಯುತ್ತದೆ. ಅರ್ಧ ಎಕರೆಯವರ ಬೆಳೆ ಕೈಕೊಟ್ಟರೆ ಮನೆಯ ಕಾಳೂ ಹೋಯಿತು, ಮುಂದಿನ ಬಿತ್ತನೆಯ ಬೀಜವೂ ಹೋಯಿತು. ಅವರು ಹಿಂದೆ ಮುಂದೆ ನೋಡುವುದು ಈ ಲೆಕ್ಕ ಚೆನ್ನಾಗಿ ಗೊತ್ತಿರುವುದರಿಂದಲೇ.

ಇಂಥ ರೈತರು ಎಲ್ಲೋ ಮೂಲೆಯಲ್ಲಿರುವ ಕೆಲವರಲ್ಲ. ಜಗತ್ತಿನಲ್ಲಿ 60 ಕೋಟಿಗೂ ಹೆಚ್ಚು ಹಿಡುವಳಿಗಳಿವೆ ಎಂದು ಅಂದಾಜು. ಅವುಗಳಲ್ಲಿ ಸುಮಾರು 84 ಶೇಕಡಾ ಎರಡು ಹೆಕ್ಟೇರಿಗಿಂತ ಚಿಕ್ಕವು. ಆದರೆ ಕೃಷಿ ಭೂಮಿಯಲ್ಲಿ ಅವುಗಳ ಪಾಲು ಸುಮಾರು 12 ಶೇಕಡಾ ಮಾತ್ರ. ಶಿಫಾರಸು ಬರೆಯುವಾಗ ನಮ್ಮ ಕಣ್ಣ ಮುಂದೆ ಇರಬೇಕಾದವರು ಇವರು, ಅಲ್ವಾ?

ಹಾಗಾಗಿ ನಷ್ಟ ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ. ವಿಸ್ತರಣಾ ಕೆಲಸದ ಚರಿತ್ರೆಯಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1903ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಟೆರೆಲ್ ಎಂಬ ಊರಿನಲ್ಲಿ ಆ ದೇಶದ ಕೃಷಿ ಇಲಾಖೆಯ ಸೀಮನ್ ನ್ಯಾಪ್ ಒಂದು ಪ್ರಾತ್ಯಕ್ಷಿಕೆ ಮಾಡಿಸಿದರು. ಸರಕಾರದ ಮಾದರಿ ತೋಟದಲ್ಲಿ ಮಾಡಲಿಲ್ಲ. ವಾಲ್ಟರ್ ಪೋರ್ಟರ್ ಎಂಬ ರೈತರು ತಮ್ಮ ಹೊಲದಲ್ಲೇ, ತಮ್ಮ ಕೈಯಿಂದಲೇ ಮಾಡಿದರು. ಬೆಳೆ ಕೆಟ್ಟರೆ ನಷ್ಟ ತುಂಬಿಕೊಡಲು ಊರಿನ ವ್ಯಾಪಾರಿಗಳು ಮೊದಲೇ ಹಣ ಸೇರಿಸಿ ಇಟ್ಟಿದ್ದರು. ಪೋರ್ಟರ್ ಅವರಿಗೆ ಲಾಭವೇ ಬಂತು, ಆ ಹಣ ಮುಟ್ಟುವ ಪ್ರಸಂಗ ಬರಲಿಲ್ಲ. ಈ ಕಥೆ ಹೇಳುವವರು ಸಾಮಾನ್ಯವಾಗಿ "ಕಣ್ಣಾರೆ ಕಂಡರೆ ರೈತರು ನಂಬುತ್ತಾರೆ" ಅಂತ ನಿಲ್ಲಿಸುತ್ತಾರೆ. ನನಗೆ ಆ ಮೀಸಲು ಹಣವೇ ಮುಖ್ಯ. ಅದು ಇದ್ದದ್ದರಿಂದ ತಾನೇ ಧೈರ್ಯವಾಗಿ ಕೈ ಹಾಕಲು ಆದದ್ದು.

ಎಲ್ಲ ಕಡೆ ಅಂಥ ನಿಧಿ ಇರುವುದಿಲ್ಲ. ಅದಕ್ಕೆ ನಾನು ನಷ್ಟವನ್ನೇ ಚಿಕ್ಕದು ಮಾಡುತ್ತೇನೆ. ಹೊಸ ತಳಿ ಇರಲಿ, ಗಿಡಗಳ ನಡುವಿನ ಹೊಸ ಅಂತರ ಇರಲಿ, ಎರಡು ಸಾಲು ಸಾಕು ಅನ್ನುತ್ತೇನೆ. ಪಕ್ಕದಲ್ಲೇ ಅವರ ಹಳೆಯ ಪದ್ಧತಿಯ ಎರಡು ಸಾಲು ಹೋಲಿಕೆಗೆ ಇರಬೇಕು. ಒಂದೇ ಮಣ್ಣು, ಒಂದೇ ದಿನದ ಬಿತ್ತನೆ, ಕಳೆ ತೆಗೆಯುವ ಕೈಗಳೂ ಅವೇ. ಬದುವಿನ ಪಕ್ಕದ ಸಾಲು, ಮರದ ನೆರಳಿನ ಸಾಲು ಬೇಡ. ಕೊಯ್ಲಿನ ದಿನ ಎರಡನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ, ರೈತರ ಎದುರಿಗೇ ತೂಕ ಹಾಕುತ್ತೇವೆ. ತೂಕದ ಯಂತ್ರ ಅವರ ಕೈಯಲ್ಲೇ ಇರುತ್ತದೆ. ನಾನು ಬರೆದುಕೊಳ್ಳುತ್ತೇನೆ, ಅಷ್ಟೇ.

ಹೊಲಪೂರ್ತಿ ಹೊಸದು ಹಾಕಿಸದೆ ಎರಡು ಸಾಲಿಗೆ ನಿಂತರೆ ವರದಿಯಲ್ಲಿ ವಿಸ್ತೀರ್ಣ ಕಮ್ಮಿ ಕಾಣುತ್ತದೆ. ಕಾಣಲಿ. ರೈತರು ಮೊದಲಿನಿಂದಲೂ ಹೊಸದನ್ನು ಹೀಗೇ ಸ್ವಲ್ಪ ಸ್ವಲ್ಪವಾಗಿ ಹಚ್ಚಿಕೊಂಡಿದ್ದಾರೆ. ಅಮೆರಿಕದ ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳವನ್ನು ಹೇಗೆ ಒಪ್ಪಿದರು ಎಂದು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಹೊಸ ಬೀಜದ ಸುದ್ದಿ ಮೊದಲು ಸಿಕ್ಕಿದ್ದು ಬೀಜ ಮಾರುವವರಿಂದ. ಆದರೆ ಬಿತ್ತೋಣ ಎಂದು ಮನಸ್ಸು ಮಾಡಿದ್ದು ಅಕ್ಕಪಕ್ಕದ ರೈತರನ್ನು ನೋಡಿ. ಮೊದಲ ವರ್ಷ ಹೊಲದ ಸ್ವಲ್ಪ ಭಾಗದಲ್ಲಿ ಹಾಕಿ ನೋಡಿದ್ದರು, ಪೂರ್ತಿ ಬದಲಾಗಲು ವರ್ಷಗಳೇ ಹಿಡಿದವು. ಅನುಕೂಲ ಇದ್ದ ರೈತರೇ ಇಷ್ಟು ನಿಧಾನವಾಗಿ ನಡೆದಿರುವಾಗ, ಅರ್ಧ ಎಕರೆಯವರನ್ನು ಒಂದೇ ಹಂಗಾಮಿನಲ್ಲಿ ಬದಲಾಗಿ ಅನ್ನುವುದು ನ್ಯಾಯವಲ್ಲ.

ಹೊಸ ಊರಿಗೆ ಹೋದಾಗ ಎರಡು ಸಾಲಿಗಿಂತಲೂ ಮೊದಲು ಒಂದು ಕೆಲಸ ಮಾಡುತ್ತೇನೆ: ಮೊಳಕೆ ಪರೀಕ್ಷೆ. ಇದಕ್ಕೆ ಖರ್ಚಿಲ್ಲ, ಯಾರಿಗೂ ನಷ್ಟವಿಲ್ಲ. ಮನೆಯಲ್ಲಿ ಇಟ್ಟುಕೊಂಡ ಬೀಜದ ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆಸುತ್ತೇನೆ. ಬೆರೆಸಿ, ಆರಿಸದೆ ನೂರು ಕಾಳು ಎಣಿಸಬೇಕು. ಈ "ಆರಿಸದೆ" ಅನ್ನುವುದನ್ನು ಒತ್ತಿ ಹೇಳಬೇಕಾಗುತ್ತದೆ, ಯಾಕೆಂದರೆ ಎಲ್ಲರ ಕೈಯೂ ತಾನಾಗಿ ದಪ್ಪ ಕಾಳಿನ ಕಡೆಗೇ ಹೋಗುತ್ತದೆ. ಒದ್ದೆ ಬಟ್ಟೆಯ ಮೇಲೆ ಹತ್ತು ಸಾಲಿನಲ್ಲಿ ಹತ್ತತ್ತು ಕಾಳು ಜೋಡಿಸಿ, ಸುರುಳಿ ಸುತ್ತಿ, ನೆರಳಲ್ಲಿ ಇಡುವುದು. ಬಟ್ಟೆ ಒಣಗಬಾರದು, ನೀರೂ ನಿಲ್ಲಬಾರದು. ಮೆಕ್ಕೆಜೋಳವಾದರೆ ಒಂದು ವಾರಕ್ಕೆ ಬಿಚ್ಚಿ ನೋಡುತ್ತೇವೆ. ಬೇರೂ ಚಿಗುರೂ ಎರಡೂ ಸರಿಯಾಗಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಬರೀ ಬೇರು ಇಣುಕಿದ್ದು, ಬೂಷ್ಟು ಹಿಡಿದದ್ದು ಲೆಕ್ಕಕ್ಕಿಲ್ಲ.

ನೂರರಲ್ಲಿ ತೊಂಬತ್ತು ಬಂದರೆ ಬೀಜ ಚೆನ್ನಾಗಿದೆ, ಕೊಂಡು ತರುವ ಅಗತ್ಯವಿಲ್ಲ ಎಂದು ಹೇಳಿಬಿಡುತ್ತೇನೆ. ಎಪ್ಪತ್ತು ಬಂದರೆ ಬೀಜದ ಪ್ರಮಾಣ ಜಾಸ್ತಿ ಮಾಡಿ. ನಲವತ್ತು ಬಂದರೆ ಅದನ್ನು ಬಿತ್ತಬೇಡಿ. "ನಿಮ್ಮ ಬೀಜ ಚೆನ್ನಾಗಿದೆ" ಎಂದು ವಿಶ್ವವಿದ್ಯಾಲಯದವರ ಬಾಯಲ್ಲಿ ಕೇಳುವುದು ಹಲವರಿಗೆ ಹೊಸದು. ಒಬ್ಬ ಅಜ್ಜಿ ಸುರುಳಿ ಬಿಚ್ಚಿ, ತಾವೇ ಎರಡು ಸಲ ಎಣಿಸಿ, ಪಕ್ಕದ ಮನೆಯವರನ್ನು ಕೂಗಿ ಕರೆದು ಎಣಿಸಿಸಿದರು. ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಆ ಬೀದಿಯಲ್ಲಿ ಸುಮಾರು ಮನೆಗಳ ಪರೀಕ್ಷೆ ಮುಗಿದಿತ್ತು. ಯಾರೂ ನನ್ನನ್ನು ಕಾಯಲಿಲ್ಲ. ಇದಕ್ಕಿಂತ ಒಳ್ಳೆಯ ವಿಸ್ತರಣಾ ಕೆಲಸ ಇನ್ನೇನಿದೆ?

ಮಣ್ಣು ಪರೀಕ್ಷೆಯ ಕಥೆ ಬೇರೆ. ಮಣ್ಣು ತೆಗೆಯುವುದು ಎಲ್ಲರಿಗೂ ಬೇಗ ಬರುತ್ತದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಹಲವು ಕಡೆ ಮೇಲಿನ ಕಸ ಸರಿಸಿ, 15 ಸೆಂಟಿಮೀಟರ್ ಆಳಕ್ಕೆ ಓರೆಯಾಗಿ ಗುಣಿ ತೆಗೆದು, ಅದರ ಒಂದು ಬದಿಯಿಂದ ತೆಳ್ಳಗೆ ಮಣ್ಣು ಕೆರೆದುಕೊಳ್ಳುವುದು. ತಿಪ್ಪೆ ಇದ್ದ ಜಾಗ ಬಿಡಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡುತ್ತಾ ಅರ್ಧ ಕಿಲೋಗೆ ಇಳಿಸುವುದು. ಖಾಲಿ ಗೊಬ್ಬರದ ಚೀಲದಲ್ಲಿ ಮಾತ್ರ ಕಟ್ಟಲೇಬಾರದು. ಚೀಲದಲ್ಲಿ ಅಂಟಿಕೊಂಡ ಗೊಬ್ಬರವೇ ಫಲಿತಾಂಶದಲ್ಲಿ ಬಂದು ಕೂರುತ್ತದೆ.

ತೊಡಕು ಇರುವುದು ಫಲಿತಾಂಶದ ಹಾಳೆಯಲ್ಲಿ. "ಹೆಕ್ಟೇರಿಗೆ 50 ಕಿಲೋ ಸಾರಜನಕ" ಎಂದು ಅದರಲ್ಲಿ ಬರೆದಿರುತ್ತದೆ. ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ. ಕಾಲೆಕರೆ ಹೊಲದವರು ಆ ಹಾಳೆಯನ್ನು ಮಡಿಸಿ ಸೂರಿಗೆ ಸಿಕ್ಕಿಸುತ್ತಾರೆ. ನಾನು ಆ ಲೆಕ್ಕವನ್ನು ಅವರ ಸಾಲಿಗೆ ಇಳಿಸಿಕೊಡುತ್ತೇನೆ. ಹೆಕ್ಟೇರಿಗೆ 50 ಕಿಲೋ ಅಂದರೆ ಚದರ ಮೀಟರಿಗೆ 5 ಗ್ರಾಂ. ಯೂರಿಯಾದಲ್ಲಿ ಸಾರಜನಕ ಇರುವುದು 46 ಶೇಕಡಾ, ಹಾಗಾಗಿ ಚದರ ಮೀಟರಿಗೆ ಹತ್ತಿರ ಹತ್ತಿರ 11 ಗ್ರಾಂ ಯೂರಿಯಾ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಇದ್ದರೆ, ಹತ್ತು ಮೀಟರ್ ಉದ್ದದ ಒಂದು ಸಾಲಿಗೆ ಸುಮಾರು 65 ಗ್ರಾಂ. ಅದನ್ನು ಎರಡು ಕಂತಿನಲ್ಲಿ ಕೊಡುವುದಾದರೆ ಒಂದು ಸಲಕ್ಕೆ 32 ಗ್ರಾಂ ಆಸುಪಾಸು. ಅಷ್ಟನ್ನು ತೂಗಿ ಅವರ ಮನೆಯ ಹಳೆಯ ಡಬ್ಬಿಯೊಂದಕ್ಕೆ ಸುರಿದು, ಎಲ್ಲಿವರೆಗೆ ಬಂತೋ ಅಲ್ಲಿ ಮೊಳೆಯಿಂದ ಗೀರು ಎಳೆದು ಕೊಡುತ್ತೇನೆ. ಸಾಲಿಗೆ ಒಂದು ಗೀರು. ಓದು ಬರಹ ಬೇಕಿಲ್ಲ, ಮರೆಯುವುದಿಲ್ಲ, ಮಕ್ಕಳೂ ಹಾಕಿ ತೋರಿಸುತ್ತಾರೆ. ಈ ಗೀರು ಎಳೆಯಲು ನನಗೆ ಬೇಕಾದದ್ದು ಒಂದು ಚಿಕ್ಕ ತಕ್ಕಡಿ, ಒಂದು ಅಳತೆ ಟೇಪು, ಸ್ವಲ್ಪ ವ್ಯವಧಾನ.

ಇನ್ನು ಸಭೆಗೆ ಯಾರನ್ನು ಕರೆಯುತ್ತೇವೆ ಅನ್ನುವ ವಿಷಯ. ತರಬೇತಿಗೆ ಹೆಸರು ಬರೆಸಲು ಜಮೀನಿನ ದಾಖಲೆ ಕೇಳಿದರೆ ಗೇಣಿದಾರರು ಅಲ್ಲಿಗೇ ಹೊರಗೆ. ಮನೆಯ ಯಜಮಾನರ ಹೆಸರು ಬರೆದುಕೊಂಡರೆ ಹೆಂಗಸರು ಹೊರಗೆ. ಬೀಜ ಆರಿಸಿ ಇಡುವುದು ಯಾರು, ಕಳೆ ಕೀಳುವುದು ಯಾರು, ಗೊಬ್ಬರ ಹಾಕುವುದು ಯಾರು ಎಂದು ಕೇಳಿ, ಆ ಕೆಲಸ ಮಾಡುವ ಕೈಗಳ ಹೆಸರನ್ನೇ ಪಟ್ಟಿಗೆ ಹಾಕುತ್ತೇನೆ. ಸಭೆಯ ಹೊತ್ತನ್ನೂ ಅವರೇ ಹೇಳಬೇಕು. ಅಡುಗೆ, ನೀರು, ದನಕರು ಮುಗಿದ ಮೇಲೆ ಅಂದರೆ ಹಾಗೇ. ಮಗುವನ್ನು ಎತ್ತಿಕೊಂಡು ಬಂದವರು ಮುಂದೆ ಕೂರಲಿ, ಮಗು ಅತ್ತರೆ ಅಳಲಿ.

ಅವರು ಇದ್ದಲ್ಲಿಗೇ ನಾವು ಹೋಗಬೇಕು ಅನ್ನುವುದು ನಾನು ಕಂಡುಹಿಡಿದದ್ದಲ್ಲ. 1906ರಲ್ಲೇ ಅಮೆರಿಕದ ಅಲಬಾಮಾದಲ್ಲಿ ಕಪ್ಪು ಜನರ ಶಿಕ್ಷಣಕ್ಕಾಗಿದ್ದ ಟಸ್ಕೀಗೀ ಸಂಸ್ಥೆ ಇದನ್ನು ಮಾಡಿ ತೋರಿಸಿತ್ತು. ಬಡ ಕಪ್ಪು ರೈತರಲ್ಲಿ ಬಹಳ ಮಂದಿಗೆ ಸ್ವಂತ ಜಮೀನಿರಲಿಲ್ಲ, ಸಂಸ್ಥೆಗೆ ಬಂದು ಕಲಿಯುವ ಅನುಕೂಲವೂ ಇರಲಿಲ್ಲ. ಸಂಸ್ಥೆಯ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ ಮತ್ತು ಅಲ್ಲಿನ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಒಂದು ಗಾಡಿಯಲ್ಲಿ ಉಪಕರಣ, ಬೀಜಗಳನ್ನು ಹೇರಿಸಿ ಅವರ ಊರುಗಳಿಗೇ ಕಳಿಸಿದರು. ಥಾಮಸ್ ಕ್ಯಾಂಪ್‌ಬೆಲ್ ಆ ಗಾಡಿಯನ್ನು ನಡೆಸಿದರು. ವಿಶ್ವವಿದ್ಯಾಲಯಗಳ ಮೂಲಕ ವಿಸ್ತರಣೆ ಮಾಡುವ ಕಾನೂನು ಆ ದೇಶದಲ್ಲಿ ಬಂದದ್ದು 1914ರಲ್ಲಿ. ಗಾಡಿ ಅದಕ್ಕೂ ಮುಂಚೆ ಹೊರಟಿತ್ತು. ನನಗೆ ಇದನ್ನು ನೆನೆದರೆ ತುಂಬ ಹೆಮ್ಮೆ.

ಈಗ ಆ ಎರಡನೆಯ ಕೆಲಸ, ಪ್ರಶ್ನೆಯನ್ನು ವಾಪಸ್ ತರುವುದು. ಮೆಕ್ಕೆಜೋಳದ ಗೊಬ್ಬರದ ಬಗ್ಗೆ ಹೇಳುತ್ತಿದ್ದಾಗ ಒಬ್ಬರು ಕೇಳಿದರು: "ನಾವು ಜೋಳ ಒಂದನ್ನೇ ಹಾಕೋದಿಲ್ವಲ್ಲ, ಮಧ್ಯೆ ಅಲಸಂದೆನೂ ಇರುತ್ತೆ. ಆಗ ನಿಮ್ಮ ಲೆಕ್ಕ ಏನಾಗುತ್ತೆ?" ನಮ್ಮ ಶಿಫಾರಸು ಇದ್ದದ್ದು ಒಂಟಿ ಬೆಳೆಗೆ. ಪ್ರಶ್ನೆಯನ್ನು ಹಾಗೇ, ಅವರ ಮಾತಿನಲ್ಲೇ ಬರೆದುಕೊಂಡು ಬೇಸಾಯಶಾಸ್ತ್ರದ ಸಹೋದ್ಯೋಗಿಗಳ ಮುಂದೆ ಇಟ್ಟೆ. ಒಂಟಿ ಜೋಳ, ಒಂಟಿ ಅಲಸಂದೆ, ಎರಡೂ ಸೇರಿದ್ದು, ಹೀಗೆ ಮೂರು ತಾಕು ಹಾಕುವುದೆಂದು ತೀರ್ಮಾನವಾಯಿತು. ಸಂಶೋಧನಾ ಕೇಂದ್ರದಲ್ಲೂ, ಕೇಳಿದವರ ಹೊಲದಲ್ಲೂ.

ಮಿಶ್ರ ಬೆಳೆಯನ್ನು ಅಳೆಯಲು ಒಂದು ಸರಳ ಲೆಕ್ಕವಿದೆ. ಮಿಶ್ರ ತಾಕಿನಲ್ಲಿ ಒಂಟಿ ಜೋಳದ 80 ಶೇಕಡಾ ಇಳುವರಿ, ಒಂಟಿ ಅಲಸಂದೆಯ 50 ಶೇಕಡಾ ಇಳುವರಿ ಬಂತು ಅನ್ನಿ. 0.8ಕ್ಕೆ 0.5 ಕೂಡಿದರೆ 1.3. ಅಂದರೆ ಬೇರೆ ಬೇರೆಯಾಗಿ ಇಷ್ಟೇ ಬೆಳೆಯಲು 1.3 ಎಕರೆ ಬೇಕಿತ್ತು, ಇವರು ಒಂದೇ ಎಕರೆಯಲ್ಲಿ ಬೆಳೆದರು. ಒಂದಕ್ಕಿಂತ ಜಾಸ್ತಿ ಬಂದರೆ ಜೊತೆಯಲ್ಲಿ ಬೆಳೆದದ್ದು ಲಾಭ. ಭೂಮಿ ಕಮ್ಮಿ ಇರುವವರಿಗೆ ಎಕರೆಗೆ ಎಷ್ಟು ಜೋಳ ಬಂತು ಅನ್ನುವುದಕ್ಕಿಂತ ಈ ಲೆಕ್ಕ ಹತ್ತಿರದ್ದು.

ತಾಕು ನೋಡಲು ರೈತರನ್ನು ಕರೆದಾಗ ನಾವು ಇಳುವರಿಯ ಅಂಕಿ ಹೇಳುವ ಮೊದಲು ಅವರೇ ಅಂಕ ಕೊಡಲಿ ಎಂದು ಬಿಟ್ಟೆವು. ಪ್ರತಿ ತಾಕಿನ ಮುಂದೆ ಒಂದು ಡಬ್ಬಿ, ಕೈಯಲ್ಲಿ ಒಂದಷ್ಟು ಕಾಳು. ಇಷ್ಟವಾದ ತಾಕಿನ ಡಬ್ಬಿಗೆ ಜಾಸ್ತಿ ಕಾಳು ಹಾಕುವುದು. ಹಾಕುತ್ತಾ ಅವರು ಹೇಳಿದ ಕಾರಣಗಳನ್ನು ನಾನು ಬರೆದುಕೊಂಡೆ. ಕಾಳಿನ ಇಳುವರಿಯ ಜೊತೆಗೆ ಅವರು ನೋಡಿದ್ದು ದನಕ್ಕೆ ಎಷ್ಟು ಸೊಪ್ಪೆ ಸಿಗುತ್ತದೆ, ಅಲಸಂದೆ ಹಬ್ಬಿ ನೆಲ ಮುಚ್ಚಿದರೆ ಕಳೆಯ ಕೆಲಸ ಎಷ್ಟು ಉಳಿಯುತ್ತದೆ ಎಂದು. ಕಳೆ ತೆಗೆಯಲು ಹಿಡಿದ ಹೊತ್ತು ಮತ್ತು ಸೊಪ್ಪೆಯ ತೂಕ, ಈ ಎರಡು ಕಾಲಂ ಈಗ ನಮ್ಮ ದಾಖಲೆ ಪುಸ್ತಕದಲ್ಲಿ ಸೇರಿವೆ. ಹೊಲದಲ್ಲಿ ಅವುಗಳನ್ನು ತುಂಬುವುದು ಕಳೆ ತೆಗೆಯುವವರೇ.