ಪಾಲಕ್ಕೋ, ನುಗ್ಗೆಸೊಪ್ಪೋ? ತೂಕ ಹಾಕಿ ನೋಡಿದೆ

ಅತ್ತೆಗೆ ರಕ್ತ ಕಡಿಮೆ ಇದೆ, ಮೂಳೆಯೂ ಸವೆದಿದೆ ಅಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ಸೊಪ್ಪು ಜಾಸ್ತಿ ಕೊಡಿ ಅಂತಲೂ ಹೇಳಿದರು. ಯಾವ ಸೊಪ್ಪು ಅಂತ ನಾನೇ ಹುಡುಕಬೇಕಾಯ್ತು.

ದಾವಣಗೆರೆಯಲ್ಲಿ ಮಳೆ ಮುಗಿದು ಚಳಿ ಶುರುವಾಗುವಾಗ ಎಳೆ ಪಾಲಕ್ ಚೆನ್ನಾಗಿ ಸಿಗುತ್ತದೆ. ವಿದ್ಯಾನಗರದ ನಮ್ಮ ಮನೆ ಹಿತ್ತಲಲ್ಲಿ ನುಗ್ಗೆಯೂ ಆಗ ಚಿಗುರಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ ತೆಗೆದು ನೋಡಿದೆ. 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ಸುಮಾರು 314 ಮಿಲಿಗ್ರಾಂ, ಪಾಲಕ್‌ನಲ್ಲಿ 82. ಕಬ್ಬಿಣ ನುಗ್ಗೆಯಲ್ಲಿ 4.5, ಪಾಲಕ್‌ನಲ್ಲಿ 3ರ ಹತ್ತಿರ. ಇನ್ನೇನು, ದಿನಾ ನುಗ್ಗೆಯೇ ಮಾಡೋಣ ಅಂದುಕೊಂಡೆ.

ಆದರೆ ಅತ್ತೆ ಎಷ್ಟು ತಿನ್ನುತ್ತಾರೆ ಅನ್ನೋದು ಮುಖ್ಯ ಅಲ್ವಾ? ಒಂದು ವಾರ ಅಡುಗೆಗೆ ಮುಂಚೆ ಸೊಪ್ಪನ್ನು ತೂಗಿದೆ. ಪಾಲಕ್ ಬೇಳೆ ಸಾರಾದರೆ ಅವರ ಪಾಲಿಗೆ 100 ಗ್ರಾಂ ಸಲೀಸಾಗಿ ಹೋಗುತ್ತಿತ್ತು. ನುಗ್ಗೆ ಪಲ್ಯ 50 ಗ್ರಾಂ ಸೊಪ್ಪಿನದಾದರೆ ಸಾಕು, "ಕಹಿ ಐತೆ ಕಣವ್ವ" ಅಂತ ತಟ್ಟೆ ಸರಿಸುತ್ತಿದ್ದರು. ಹಾಗೆ ಲೆಕ್ಕ ಹಾಕಿದರೆ ನುಗ್ಗೆಯಿಂದ ಕಬ್ಬಿಣ 2.3 ಮಿಲಿಗ್ರಾಂ, ಪಾಲಕ್‌ನಿಂದ 3. ಕಬ್ಬಿಣದಲ್ಲಿ ಪಾಲಕ್ಕೇ ಸ್ವಲ್ಪ ಮುಂದೆ! ಫೋಲೇಟ್ ಅನ್ನೋ ಬಿ ವಿಟಮಿನ್ ಅಂತೂ ಪಾಲಕ್‌ನಲ್ಲಿ ಬಹಳ ಜಾಸ್ತಿ, ರಕ್ತಕ್ಕೆ ಅದೂ ಬೇಕು.

ಕ್ಯಾಲ್ಸಿಯಂ ಮಾತ್ರ ಬೇರೆ ಕಥೆ. ಅರ್ಧ ಪಾಲು ತಿಂದರೂ ನುಗ್ಗೆಯದು 157 ಮಿಲಿಗ್ರಾಂ, ಪಾಲಕ್‌ನ ಸುಮಾರು ಎರಡರಷ್ಟು. ಅದೂ ಅಲ್ಲದೆ ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನೋ ಅಂಶ ತುಂಬಾ ಇದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಇರುವುದರಲ್ಲಿ ನೂರಕ್ಕೆ ಐದು ಪಾಲಿನಷ್ಟು ಮೈಗೆ ಹತ್ತಿದರೆ ಹೆಚ್ಚು. ಮೂಳೆಗೆ ಒಳ್ಳೇದು ಅಂತ ನಾನು ವರ್ಷಗಟ್ಟಲೆ ಪಾಲಕ್ ಬೇಯಿಸಿದ್ದೆನಲ್ಲ ಅಂತ ನಿಜಕ್ಕೂ ಬೇಜಾರಾಯ್ತು.

ಈಗ ವಾರಕ್ಕೆ ಮೂರು ದಿನ ನುಗ್ಗೆ, ಎರಡು ದಿನ ಪಾಲಕ್. ನುಗ್ಗೆಯ ಎಳೆ ಎಲೆಯನ್ನಷ್ಟೇ ಬಿಡಿಸುತ್ತೇನೆ. ಉದುರಾಗಿ ಬೇಯಿಸಿದ ತೊಗರಿಬೇಳೆ, ಶೇಂಗಾ ಪುಡಿ ಬೆರೆಸಿದರೆ ಕಹಿ ಅಷ್ಟಾಗಿ ತಿಳಿಯುವುದಿಲ್ಲ. ಜೋಳದ ರೊಟ್ಟಿ ಜೊತೆ ಅತ್ತೆ ಈಗ ಕೇಳಿ ಹಾಕಿಸಿಕೊಳ್ಳುತ್ತಾರೆ. ಬೇಯಿಸಿದಾಗ ವಿಟಮಿನ್ ಸಿ ಸಾಕಷ್ಟು ಹೋಗುತ್ತದೆ, ಅದಕ್ಕೇ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡುತ್ತೇನೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಅದು ಬೇಕು.

ಊಟದ ಹಿಂದೆಯೇ ಚಹಾ ಕುಡಿದರೆ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ. ಆ ಅಭ್ಯಾಸ ಬಿಡಿಸಲು ಇನ್ನೂ ಆಗಿಲ್ಲ, ಸದ್ಯಕ್ಕೆ ಒಂದು ಗಂಟೆ ತಡಮಾಡಿ ಕೊಡುತ್ತಿದ್ದೇನೆ.