ಪ್ಯಾಕೆಟ್ ಬಿಟ್ಟೆ, ಅಂಗಡಿ ಉಳಿಯಿತು

ಬಾಗಲಕೋಟೆಯ ನವನಗರದಲ್ಲಿ ಸಾವಯವ ದಿನಸಿ ಅಂಗಡಿ ನಡೆಯೋದಿಲ್ಲ ಅಂದವರೇ ಜಾಸ್ತಿ. ಈಗ ಏಳನೇ ವರ್ಷ. ಎರಡು ವರ್ಷದಿಂದ ಕೈಯಲ್ಲಿ ನಾಲ್ಕು ಕಾಸು ನಿಲ್ಲುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೆಲ್ಲ ನಾನು ಅಂಗಡಿಯ ಒಳಗನ್ನೇ ಚಂದ ಮಾಡುತ್ತಿದ್ದೆ. ಹೊಡೆತ ಬಿದ್ದದ್ದು ಹೊರಗಿನಿಂದ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಕಾಳು, ಹಿಟ್ಟು, ಬೆಲ್ಲಕ್ಕೂ ಶೇ. 5 ಜಿಎಸ್‌ಟಿ ಬಂತು. ಆಗಷ್ಟೇ ಅಂಗಡಿ ಹೆಸರು ಹಾಕಿಸಿದ ಚೀಲ ತರಿಸಿದ್ದೆ, ಸುಮಾರು 28 ಸಾವಿರ ರೂಪಾಯಿಯದ್ದು. ನಮ್ಮ ಜೋಳ ಮೊದಲೇ ಪೇಟೆ ಜೋಳಕ್ಕಿಂತ ಕಿಲೋಗೆ 15 ರೂಪಾಯಿ ತುಟ್ಟಿ. ಅದರ ಮೇಲೆ ತೆರಿಗೆ ಅಂದರೆ ಯಾರು ಒಯ್ಯುತ್ತಾರೆ? ಚೀಲ ಅಟ್ಟಕ್ಕೆ ಹಾಕಿದೆ. ಡಬ್ಬಿಯಿಂದ ತೂಗಿ ಕೊಡತೊಡಗಿದೆ. ಬಿಡಿ ಮಾಲಿಗೆ ಆ ತೆರಿಗೆ ಇಲ್ಲ.

'ಬಿಡಿ ಮಾರಿದ್ರ ಯಾರ್ ನಂಬ್ತಾರ್ರೀ?' ಅಂದರು ಪಕ್ಕದ ಅಂಗಡಿಯ ಕಾಕಾ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2017ರಲ್ಲೇ ನಿಯಮ ತಂದಿದೆ: 'ಸಾವಯವ' ಅಂತ ಮಾರಬೇಕಾದರೆ ಪ್ರಮಾಣಪತ್ರ ಬೇಕು. ತಾವೇ ನೇರ ಮಾರುವ ಸಣ್ಣ ರೈತರಿಗೆ ಸಡಿಲಿಕೆ ಇದೆ, ನನ್ನಂಥ ಅಂಗಡಿಗೆ ಅದು ಸಿಗೋದಿಲ್ಲ. ಪ್ರತಿ ಡಬ್ಬಿ ಮೇಲೆ ರೈತರ ಹೆಸರು, ಊರು, ಅವರ ಪಿಜಿಎಸ್ ಪ್ರಮಾಣಪತ್ರದ (ರೈತರ ಗುಂಪೇ ಒಬ್ಬರ ಹೊಲ ಒಬ್ಬರು ನೋಡಿ ಕೊಡುವ ಸಾವಯವ ಪತ್ರ) ಪ್ರತಿ ಅಂಟಿಸಿದೆ. ಪತ್ರ ಇಲ್ಲದ ಮಾಲನ್ನು ಬೇರೆ ಸಾಲಿನಲ್ಲಿಟ್ಟೆ, ಅಲ್ಲಿ 'ಸಾವಯವ' ಅನ್ನೋ ಮಾತೇ ಇಲ್ಲ. 'ಇದಕ್ಕಿನ್ನೂ ಪತ್ರ ಸಿಕ್ಕಿಲ್ಲ' ಅಂತ ನಾನೇ ಹೇಳತೊಡಗಿದ ಮೇಲೆ ಜನ ಉಳಿದದ್ದನ್ನು ನಂಬಿದರು.

ಬೆಲ್ಲದ್ದೇ ದೊಡ್ಡ ಗೋಳು. ಮಹಾಲಿಂಗಪುರದ ಕಡೆಯಿಂದ ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡುವ ರಾಸಾಯನಿಕ) ಹಾಕದ ಬೆಲ್ಲದ ಪೆಂಟಿ, ಅಂದರೆ ಗಟ್ಟಿ, ತರಿಸುತ್ತೇನೆ, ಬಣ್ಣ ಕಡುಗಂದು. ಹಳದಿ ಬೆಲ್ಲ ನೋಡಿದ ಕಣ್ಣಿಗೆ ಅದು ಹಿಡಿಸೋದಿಲ್ಲ. ಒಬ್ಬ ಅಕ್ಕಾರು ಪೆಂಟಿ ಹೊರಳಿಸಿ, ಉಗುರಿನಿಂದ ಕೆರೆದು, 'ಹಳೇದೇನ್ರೀ?' ಅಂದರು. ಹುರಿದ ಶೇಂಗಾ ಜೊತೆ ಒಂದು ಚೂರು ಕೊಟ್ಟೆ. ಎರಡು ಕಿಲೋ ಒಯ್ದರು. ಅಂದಿನಿಂದ ಗಲ್ಲೆಯ ಪಕ್ಕ ಶೇಂಗಾ ಬಟ್ಟಲು ಕಾಯಂ. ಆದರೆ ಮೊದಲ ಮಳೆಗಾಲದಲ್ಲಿ 60 ಕಿಲೋದಷ್ಟು ನೀರೊಡೆದು ಹೋಯಿತು. ಈಗ ಜೂನ್‌ನಿಂದ ವಾರಕ್ಕೆ ಬೇಕಾದಷ್ಟೇ ತರುತ್ತೇನೆ.

ಜೋಳ ಹಾಗಲ್ಲ. ಹಿಂಗಾರಿ ರಾಶಿ ಮುಗಿದ ಕೂಡಲೇ, ಫೆಬ್ರುವರಿ-ಮಾರ್ಚ್‌ನಲ್ಲಿ, ವಿಜಯಪುರ ಕಡೆಯ ಡೋಣಿ ನದಿ ಸಾಲಿನ ಬಿಳಿಜೋಳ 20 ಕ್ವಿಂಟಲ್ ಹಿಡಿಯುತ್ತೇನೆ. ಅದಕ್ಕೆ ರೊಕ್ಕ ಹೊಂದಿಸೋದೇ ಕಷ್ಟ. ಮೊದಲ ಸಲ ಅರ್ಧಕ್ಕೆ ನುಸಿ ಬಿತ್ತು. ಬೂದಿ ಬೆರೆಸಿ ನೋಡಿದೆ, ತೊಳೆಯೋಕೆ ಬೇಜಾರು ಅಂತ ಗಿರಾಕಿಗಳು ವಾಪಸ್ ತಂದರು. ಈಗ ಎರಡು ಬಿಸಿಲು ಕೊಟ್ಟು, ಬೇವಿನ ಸೊಪ್ಪಿನ ಜೊತೆ ಇನ್ನೊಂದು ವಸ್ತು ಹಾಕಿ ಮುಚ್ಚುತ್ತೇನೆ. ಅದು ನಮ್ಮ ಅಜ್ಜಿ ಕಲಿಸಿದ್ದು, ಇಲ್ಲಿ ಹೇಳೋದಿಲ್ಲ. ಹೋದ ದೀಪಾವಳಿಗೆ ಡಬ್ಬಿ ತೆರೆದಾಗ ಒಂದೂ ಹುಳ ಇರಲಿಲ್ಲ.